ಸರಾಸರಿಯ ಮರೆಯಲ್ಲಿ



ಗರ್ಭಧಾರಣೆಗೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ ಶಿಶುವಿನ ಮಿದುಳು, ಬೆನ್ನುಹುರಿಗಳ ಜನ್ಮದೋಷ ಬಹುಮಟ್ಟಿಗೆ ತಪ್ಪುವುದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ ತೋರಿಸಿಕೊಟ್ಟಿತು. ಹಿಂದೆ ಅಂಥ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತು. ಗುಳಿಗೆಯೋ ಅಗ್ಗ. ಇನ್ನೇನು ಬೇಕೆಂದು ನಮಗನ್ನಿಸುವುದು ಸಹಜವೇ. ಆದರೆ ಅದನ್ನು ನುಂಗಬೇಕಾದದ್ದು ಗರ್ಭ ನಿಲ್ಲುವ ಮೊದಲು. ಆ ತಿಳಿವಳಿಕೆ ಮುಂದಾಗಿ ತಲುಪಿದ್ದು ವಿದ್ಯೆಯುಳ್ಳ, ಅನುಕೂಲಸ್ಥ ಮನೆಗಳನ್ನು. ಬಡ ತಾಯಂದಿರಲ್ಲಿ ಅನೇಕರ ಪಾಲಿಗೆ ಸಲಹೆ ಕಾಗದದಲ್ಲೇ ಉಳಿಯಿತು.

ಅಮೆರಿಕ ದೇಶವು 1998ರಲ್ಲಿ ಸಾರವರ್ಧಿತ ಗೋಧಿಹಿಟ್ಟು ಮೊದಲಾದವುಗಳಲ್ಲೇ ಈ ಆಮ್ಲವನ್ನು ಬೆರೆಸುವುದನ್ನು ಕಡ್ಡಾಯಗೊಳಿಸಿತು. ದೋಷ ಇಳಿಯಿತು, ಸರಾಸರಿಯನ್ನಷ್ಟೇ ನೋಡುವವರಿಗೆ ಅಷ್ಟು ಸಾಕು. ಆದರೆ ಅಲ್ಲಿನ ಮೆಕ್ಸಿಕೊ ಮೂಲದ ಅನೇಕ ಕುಟುಂಬಗಳ ನಿತ್ಯದ ರೊಟ್ಟಿ ಮೆಕ್ಕೆಜೋಳದ ಹಿಟ್ಟಿನದು. ಅದಕ್ಕೆ ಬೆರೆಸಲು ಅನುಮತಿ ದೊರೆತದ್ದು 2016ರಲ್ಲಿ, ಅದೂ ಕಡ್ಡಾಯವಿಲ್ಲದೆ. ಹದಿನೆಂಟು ವರ್ಷ! ಆ ಸಮುದಾಯದ ಶಿಶುಗಳಲ್ಲಿ ದೋಷದ ಪ್ರಮಾಣ ಇತರರಿಗಿಂತ ಹೆಚ್ಚಾಗಿಯೇ ಇತ್ತು.

ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ ಸರಕಾರಗಳಿಗೆ ದಾರಿ ತೋರುವ ಪರಾಮರ್ಶಕರು, ಪ್ರಯೋಜನವೆಷ್ಟು ಎಂಬುದರೊಡನೆ ಅದು ಯಾರಿಗೆ ಎಂಬುದನ್ನೂ ವರದಿಮಾಡಬೇಕೆಂದು 2012ರ 'ಪ್ರಿಸ್ಮಾ-ಈಕ್ವಿಟಿ' ಮಾರ್ಗಸೂಚಿ ಕೇಳಿತು. ವಾಸಸ್ಥಳ, ಕಸುಬು, ವಿದ್ಯೆ, ವರಮಾನ ಇವುಗಳನ್ನು ಬಿಡಿಸಿ ನೋಡಬೇಕೆಂಬುದು ಅದರ ಆಶಯ. ಎಷ್ಟೋ ಮೂಲ ಅಧ್ಯಯನಗಳು ಈ ವಿವರಗಳನ್ನು ದಾಖಲಿಸುವುದೇ ಇಲ್ಲ. ಯಾರೂ ಕೇಳಿ ಬರೆದಿಡದ ಉತ್ತರವನ್ನು ಪರಾಮರ್ಶಕರು ತಾನೇ ಎಲ್ಲಿಂದ ತಂದಾರು?