ಬೇಡವೆಂದದ್ದು ಸೂತಕವನ್ನು, ಕಣ್ಣೀರನ್ನಲ್ಲ

(ಭಾಗಮಂಡಲದಲ್ಲಿ ಶರಣ ಬಂಧುಗಳ ಮುಂದೆ ಮಾಡಿದ ಭಾಷಣ)



ನಾನು ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದವನು. ತತ್ವಶಾಸ್ತ್ರ ಓದತೊಡಗಿದ್ದು ತಡವಾಗಿ. ಅದಕ್ಕೆ ಕಾರಣವನ್ನೇ ಮೊದಲು ಹೇಳುತ್ತೇನೆ. ನನ್ನ ಧರ್ಮಪತ್ನಿ ಲಿಂಗೈಕ್ಯರಾದಾಗ, ಅವರ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುವ ಹೊತ್ತಿಗೆ ನನಗೆ ಅಳು ತಡೆಯಲಾಗಲಿಲ್ಲ. ಹಿರಿಯರೊಬ್ಬರು, "ಅಳಬಾರದಪ್ಪ, ಲಿಂಗದಲ್ಲಿ ಬೆರೆತವರಿಗಾಗಿ ಅಳುವುದುಂಟೆ?" ಎಂದರು. ಸುಮ್ಮನಾದೆ. ಆದರೆ ಎಷ್ಟೋ ತಿಂಗಳು ನಿದ್ರೆ ಬರಲಿಲ್ಲ. ನನ್ನ ನಿಷ್ಠೆಯೇ ಪೊಳ್ಳೇನೋ ಎಂಬ ಅನುಮಾನ ಕಾಡಿತು.

ಆ ದಿನಗಳಲ್ಲಿ ಚೀನಾದ ತಾವೋ ದಾರ್ಶನಿಕ ಚುವಾಂಗ್‌ತ್ಸುವನ್ನು ಓದಿದೆ. ಕ್ರಿಸ್ತಪೂರ್ವ 4ನೇ ಶತಮಾನದವನು. ಅವನ ಹೆಂಡತಿ ತೀರಿಕೊಂಡಾಗ ಮಾತನಾಡಿಸಲು ಗೆಳೆಯ ಹುಯಿತ್ಸು ಬರುತ್ತಾನೆ. ನೋಡಿದರೆ ಇವನು ಕಾಲು ಚಾಚಿ ಕುಳಿತು, ಮಡಕೆ ಬಡಿಯುತ್ತ ಹಾಡುತ್ತಿದ್ದಾನೆ! ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅವನು ಕಲ್ಲೆದೆಯವನೆನಿಸುತ್ತಾನೆ. ಗೆಳೆಯ ಆಕ್ಷೇಪಿಸಿದಾಗ ಅವನು ಮೊದಲು ಒಪ್ಪಿಕೊಳ್ಳುವುದು, ಅವಳು ಹೋದಾಗ ತನಗೂ ದುಃಖವಾಯಿತು ಎಂಬುದನ್ನೇ. ಆಮೇಲೆ ಯೋಚಿಸಿದನಂತೆ: ಹುಟ್ಟುವ ಮೊದಲು ಅವಳಿಗೆ ರೂಪವಿರಲಿಲ್ಲ, ಉಸಿರೂ ಇರಲಿಲ್ಲ. ಋತುಗಳು ತಿರುಗಿದಂತೆ ಬಂದಳು, ಹಾಗೆಯೇ ಹೋದಳು. ದುಃಖ ಮೊದಲು, ತಿಳಿವು ಆಮೇಲೆ. ಈ ಕ್ರಮವನ್ನು ಗಮನಿಸಿ.

ಇನ್ನೊಂದು ಕಡೆ ಅದೇ ಗೆಳೆಯ, ಭಾವವೇ ಇಲ್ಲದವನನ್ನು ಮನುಷ್ಯನೆನ್ನಬಹುದೆ ಎಂದು ಕೇಳುತ್ತಾನೆ. ಭಾವ ಬೇಡವೆಂದರೆ, ಬೇಕು ಬೇಡಗಳಿಂದ ಒಳಗೆ ತನ್ನನ್ನು ತಾನೇ ಗಾಯಗೊಳಿಸಿಕೊಳ್ಳದಿರುವುದು, ಸಹಜಕ್ಕೆ ಹೊಂದಿ ನಡೆಯುವುದು ಎಂದು ಚುವಾಂಗ್‌ತ್ಸು ಬಿಡಿಸಿ ಹೇಳುತ್ತಾನೆ. ನಾನು ಅಳು ನುಂಗಿ ಮಾಡಿಕೊಂಡದ್ದು ಆ ಗಾಯವನ್ನೇ.

ಈ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕಾವೇರಿ, ಕನ್ನಿಕೆ ಉಕ್ಕಿದರೆ ಸಂಗಮದ ಬಳಿ ರಸ್ತೆ ಮುಳುಗುತ್ತಿತ್ತು. ಅದಕ್ಕೆ ನಾವು ನದಿಯನ್ನು ನಿಲ್ಲಿಸಲಿಲ್ಲ. ಮೇಲ್ಸೇತುವೆ ಕಟ್ಟಿ ನೀರಿಗೆ ದಾರಿ ಬಿಟ್ಟೆವು. ದಾರಿಯಿಲ್ಲದ ನೀರು ಕಟ್ಟೆಯನ್ನೇ ಒಡೆಯುತ್ತದೆ.

ತಾವೋ ಮತ್ತು ಶರಣತತ್ವ ಒಂದೇ ಎಂದು ನಾನು ಹೇಳುತ್ತಿಲ್ಲ. ಅವರು ಸಾವಿನಲ್ಲಿ ಪ್ರಕೃತಿಯ ತಿರುವನ್ನು ಕಂಡರು. ನಾವು ಲಿಂಗಾಂಗ ಸಾಮರಸ್ಯವನ್ನು ಕಾಣುತ್ತೇವೆ. ಆದರೆ ಆ ಓದು ನನ್ನನ್ನು ನಮ್ಮ ತತ್ವಕ್ಕೇ ಮರಳಿ ತಂದಿತು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಸೂತಕವೆಂದರೆ ಮೈಲಿಗೆ. ಸಾವಿನ ಮನೆಯನ್ನು ದೂರವಿಡುವುದನ್ನು ಅವರು ಬೇಡವೆಂದರು. ಮೈಲಿಗೆಯಿಲ್ಲ ಎಂಬುದು ಆ ಮನೆಗೆ ಧೈರ್ಯವಾಗಿ ಹೋಗಿ, ನೊಂದವರನ್ನು ಮುಟ್ಟಿ ಸಂತೈಸಲಿಕ್ಕೆ. ಅವರ ಬಾಯಿ ಮುಚ್ಚಿಸಲಿಕ್ಕಲ್ಲ.

ಆದ್ದರಿಂದ ನನ್ನದೊಂದು ಬಿನ್ನಹ. ಮುಂದೆ ಯಾರ ಮನೆಯಲ್ಲಾದರೂ ಹಿರಿಯರು ಲಿಂಗೈಕ್ಯರಾದರೆ, "ಅಳಬೇಡಿ" ಎನ್ನುವ ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿ. ತತ್ವದ ಮಾತು ಆಮೇಲಾದರೂ ಆದೀತು.