ಭೂಮಿಗೆ ಮಿತಿ ಇದೆ, ಸಂಪತ್ತಿಗೆ?

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಮಾಡಿದ ಭಾಷಣ)



ಒಬ್ಬರ ಬಳಿ ಎಷ್ಟು ಆಸ್ತಿ ಇರಬಹುದು? ಈ ಪ್ರಶ್ನೆಗೆ ನಮ್ಮ ರಾಜ್ಯ ಒಮ್ಮೆ ಉತ್ತರ ಕೊಟ್ಟಿತ್ತು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಐದು ಜನರ ಕುಟುಂಬಕ್ಕೆ ಹತ್ತು ಯೂನಿಟ್ ಎಂದು ಮಿತಿ ಹಾಕಿತು. ಮಳೆ ನಂಬಿದ ಖುಷ್ಕಿ ಜಮೀನಾದರೆ ಅದು 54 ಎಕರೆ. ಗೇಣಿ ಮಾಡುತ್ತಿದ್ದವರು ಜಮೀನಿನ ಒಡೆಯರಾದರು. 2020ರಲ್ಲಿ ಆ ಕಾಯ್ದೆಯನ್ನು ಸಡಿಲಿಸಿದರು. ಆದರೂ ಭೂಮಿಗೆ ಮಿತಿ ಎಂಬುದು ನಮಗೆ ಹೊಸ ಮಾತಲ್ಲ. ಷೇರಿಗೆ ಮಾತ್ರ ಅಂಥ ಮಿತಿ ಇಲ್ಲ.

ದಿನಕ್ಕೆ ಒಂದು ಲಕ್ಷ ರೂಪಾಯಿ ಉಳಿಸಿದರೂ ಸಾವಿರ ಕೋಟಿ ಕೂಡಿಸಲು ಸುಮಾರು 274 ವರ್ಷ ಬೇಕು. ಅಂದರೆ ಅಷ್ಟು ಹಣ ಒಬ್ಬರ ದುಡಿಮೆಯಿಂದಷ್ಟೇ ಬರುವುದಿಲ್ಲ. ಕಂಪನಿ ಕಟ್ಟಿದವರ ಧೈರ್ಯ, ಶ್ರಮ ದೊಡ್ಡದೇ. ಆದರೆ ನಾನಿರುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇಂಥ ಸರ್ಕಾರಿ ಶಾಲೆಗಳಲ್ಲಿ ಕಲಿತ ಸಾವಿರಾರು ಮಕ್ಕಳ ಬುದ್ಧಿಯೂ ಆ ಸಂಪತ್ತಿನಲ್ಲಿ ಸೇರಿದೆ.

ಇದನ್ನು ಅರಿತು ಕೊಟ್ಟವರೂ ಇದ್ದಾರೆ. ವಿಪ್ರೋದ ಅಜೀಂ ಪ್ರೇಮ್‌ಜಿ ಅವರು 2019ರ ಹೊತ್ತಿಗೆ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಮೌಲ್ಯದ ಸಂಪತ್ತನ್ನು ಸೇವೆಗೆ ಮೀಸಲಿಟ್ಟರು. ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. ಉಳಿದ ನಾಲ್ಕು ದಿನಕ್ಕೆ ಅವರ ಪ್ರತಿಷ್ಠಾನ 2024ರಲ್ಲಿ ಮುಂದೆ ಬಂತು; ಮೂರು ವರ್ಷಕ್ಕೆ ಸುಮಾರು 1,500 ಕೋಟಿ. ಅವರಿಗೆ ಕೈಮುಗಿಯೋಣ. ಜೊತೆಗೆ ಒಂದು ಪ್ರಶ್ನೆ ಕೇಳೋಣ: ಎಲ್ಲ ಶ್ರೀಮಂತರಿಗೂ ಇಂಥ ಮನಸ್ಸಿರುತ್ತದೆಯೇ? ಮಗುವಿನ ತಟ್ಟೆಯ ಮೊಟ್ಟೆ ಒಬ್ಬರ ಒಳ್ಳೆಯತನವನ್ನು ನೆಚ್ಚಿಕೊಂಡಿರಬೇಕೇ?

ಹಿಂದೆ ನಮ್ಮಲ್ಲಿ ಸತ್ತವರ ದೊಡ್ಡ ಆಸ್ತಿಯ ಮೇಲೆ ತೆರಿಗೆ ಇತ್ತು. 1985ರಲ್ಲಿ ಅದು ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಕೈಬಿಟ್ಟರು. ವಸೂಲಿ ಕಡಿಮೆ, ಖರ್ಚು ಹೆಚ್ಚು ಎಂಬುದು ಅವರು ಕೊಟ್ಟ ಕಾರಣ. ಷೇರುಗಳನ್ನು 1993ರಿಂದಲೇ ಅದರ ಲೆಕ್ಕದಿಂದ ಬಿಟ್ಟಿದ್ದರು. ಇನ್ನು ವಸೂಲಿ ಎಲ್ಲಿಂದ ಬರಬೇಕು?

ಶ್ರೀಮಂತರು ಇರಲಿ, ಬೇಡವೆನ್ನುವುದಿಲ್ಲ. ಆದರೆ ತಲೆಮಾರುಗಳು ಕೂತು ಉಂಡರೂ ಕರಗದ ಗಂಟು ಒಂದೇ ಮನೆಯಲ್ಲಿ ಉಳಿಯಬಾರದು. ಒಂದು ಮಟ್ಟ ದಾಟಿದ ಸಂಪತ್ತಿನ ದೊಡ್ಡ ಪಾಲು ತೆರಿಗೆಯಾಗಿ ಊರಿನ ಶಾಲೆಗೆ, ಆಸ್ಪತ್ರೆಗೆ ಬರಬೇಕು. ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಹೇಳಿದ ನಾಡಿದು.

ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಗೆ ದೇಣಿಗೆ ಖಂಡಿತ ಕೊಡೋಣ. ಓಟು ಕೇಳಲು ಬಂದವರನ್ನು ಈ ತೆರಿಗೆಯ ಬಗ್ಗೆಯೂ ಕೇಳೋಣ. ಈ ಶಾಲೆಯ ನೂರನೇ ವರ್ಷದಲ್ಲಿ ಕಲಿಯುವ ಮಕ್ಕಳು ಯಾರ ದಾನಕ್ಕೂ ಕಾಯದೆ, ತಮ್ಮ ಹಕ್ಕಿನಿಂದ ಹೊಟ್ಟೆತುಂಬ ಉಂಡು ಓದುವಂತಾಗಲಿ.