ಜಗಲಿಯ ಲೆಕ್ಕ, ಒಳಗಿನ ಸಂಕಟ
(ಸುಳ್ಯ ತಾಲೂಕಿನ ಒಂದು ರೈತರ ಸಭೆಯಲ್ಲಿ ಆಡಿದ ಮಾತು)



ನನ್ನನ್ನು ಕರೆದದ್ದು ಅಡಿಕೆ ಧಾರಣೆ ಬಗ್ಗೆ ಮಾತಾಡಲಿಕ್ಕೆ. ಅದನ್ನು ನನಗಿಂತ ಬಲ್ಲವರು ಆಗಲೇ ಹೇಳಿಯಾಯಿತು. ನಾನು ಬೇರೆ ವಿಷಯ ಎತ್ತುತ್ತೇನೆ. ಗಂಡಸರಿಗೆ ಸ್ವಲ್ಪ ಮುಜುಗರ ಆದೀತು, ಆಗಲಿ.

ನನ್ನ ಅಣ್ಣ ತೀರಿಕೊಂಡ ವರ್ಷ ಕೊಳೆರೋಗಕ್ಕೆ ಅರ್ಧ ಫಸಲು ಹೋಗಿತ್ತು. ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ನಾವು ಗಂಡಸರು ಜಗಲಿಯಲ್ಲಿ ಕೂತು ಸಾಲದ ಕಾಗದ ಬಿಚ್ಚಿದೆವು. ಅತ್ತಿಗೆ ಒಳಗಿದ್ದರು. "ಪಾಪ, ಅವರಿಗೆ ಈಗ ಇದೆಲ್ಲ ಬೇಡ" ಎಂದವನು ನಾನೇ. ಮೂವತ್ತು ವರ್ಷ ಆ ತೋಟದಲ್ಲಿ ಅಡಿಕೆ ಹೆಕ್ಕಿದ, ಸುಲಿದ, ಆಳುಗಳಿಗೆ ಬೇಯಿಸಿ ಹಾಕಿದ ಹೆಂಗಸಿಗೆ ಸಾಲ ಎಷ್ಟು, ಪಹಣಿ ಯಾರ ಹೆಸರಲ್ಲಿ ಉಂಟು ಎಂದು ಗೊತ್ತಿರಲಿಲ್ಲ. ತಿಂಗಳೊಳಗೆ ನೋಟೀಸು ಬಂತು, ಸತ್ತವನ ಹೆಸರಿಗೆ!

ಅಲ್ಲಿಂದ ಅವರಿಗೆ ನಿದ್ದೆ ಇಲ್ಲ, ಊಟ ಸೇರದು. ಹಟ್ಟಿಯಲ್ಲಿ ದನ ಕೂಗಿದರೂ ಏಳುತ್ತಿರಲಿಲ್ಲ. "ದಿನ ಹೋದಂತೆ ಸರಿಯಾಗ್ತದೆ" ಎಂದೆವು. ಪ್ರಶ್ನೆ ಇಡಿಸಿದೆವು, ನೂಲು ಕಟ್ಟಿಸಿದೆವು. ಒಂದು ರಾತ್ರಿ ಅವರು ತೋಟದ ಕೆರೆಯ ಬದಿ ಒಬ್ಬರೇ ನಿಂತದ್ದನ್ನು ಮಗ ಕಂಡ. ಆಗ ನಮಗೆ ಎಚ್ಚರ ಆಯಿತು. ಆಸ್ಪತ್ರೆಗೆ ಕರಕೊಂಡು ಹೋಗಿ ಎಂದವಳು ಊರಿನ ಆಶಾ ಕಾರ್ಯಕರ್ತೆ. ನಾನು "ಹುಚ್ಚಿನ ಡಾಕ್ಟ್ರ ಹತ್ರವಾ?" ಎಂದು ಕೇಳಿದ್ದೆ. ಇವತ್ತಿಗೂ ನಾಚಿಕೆ ಆಗ್ತದೆ.

ಡಾಕ್ಟ್ರು ಸ್ವಲ್ಪ ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ಹೆಚ್ಚಿನ ಕೆಲಸ ಆದದ್ದು ಮಾತಿನಿಂದ. ಆಪ್ತ ಸಮಾಲೋಚಕಿ ಎಂಬ ಹೆಣ್ಣುಮಗಳು ನಮ್ಮನ್ನು ಹೊರಗೆ ಕೂರಿಸಿ ಅತ್ತಿಗೆಯ ಮಾತು ಕೇಳಿದಳು. ಉಪದೇಶ ಇಲ್ಲ, ಅವಸರ ಇಲ್ಲ. ಮೂರನೇ ಸಲ ಹೋದಾಗ ಒಳಗಿನದ್ದು ಹೊರಗೆ ಬಂತು. ಮನೆ ಹರಾಜಾಗ್ತದೆ, ಮಗನೂ ಅಪ್ಪನ ಹಾಗೆ ಒಳಗೊಳಗೇ ಕೊರಗಿ ಹೋಗ್ತಾನೆ ಎಂಬ ಹೆದರಿಕೆ. ಆಕೆ ನಮ್ಮನ್ನು ಒಳಗೆ ಕರೆದು, "ಸಾಲದ ಲೆಕ್ಕ ಅವರ ಎದುರೇ ಬಿಚ್ಚಿಡಿ" ಎಂದಳು. ಬಿಚ್ಚಿಟ್ಟೆವು. ಅವರು ಎಣಿಸಿದ್ದಕ್ಕಿಂತ ಸಾಲ ಕಡಿಮೆಯೇ ಇತ್ತು, ಮಾರಾಯ್ರೆ!

ಕಾನೂನೂ ತಿಳಿದಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ಗಂಡ ಸತ್ತರೆ ಅವನ ಪಾಲಿನಲ್ಲಿ ಮಕ್ಕಳ ಹಾಗೆಯೇ ಹೆಂಡತಿಯೂ ಮೊದಲ ವರ್ಗದ ವಾರಸುದಾರಳು. ಸತ್ತವನ ಸಾಲವನ್ನು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಸೂಲು ಮಾಡಬಹುದು. ಅವಳು ತಾನೇ ಸಾಲಕ್ಕೋ ಜಾಮೀನಿಗೋ ರುಜು ಹಾಕಿರದಿದ್ದರೆ ತವರಿನಿಂದ ತಂದ ಬಂಗಾರಕ್ಕೆ ಯಾರೂ ಕೈಹಾಕುವಂತಿಲ್ಲ. ಇಷ್ಟನ್ನು ಮೊದಲ ವಾರದಲ್ಲೇ ಯಾರಾದರೂ ಹೇಳಿದ್ದರೆ ಅತ್ತಿಗೆಗೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಗಂಡ ಸತ್ತವರಿಗೆ ಮಾತ್ರ ಹೀಗೆ ಎಂದು ತಿಳಿಯಬೇಡಿ. ಬಾಣಂತಿ ಕಾರಣವಿಲ್ಲದೆ ಅಳುತ್ತಾಳೆ, ಮುಟ್ಟು ನಿಲ್ಲುವ ಕಾಲಕ್ಕೆ ಕೆಲವರಿಗೆ ನಿದ್ದೆ ಕೆಡ್ತದೆ, ಸಿಟ್ಟು ಬರ್ತದೆ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಕಥೆ ಗುತ್ತಿಗಾರಿನಿಂದ ನೆಲ್ಯಾಡಿಯವರೆಗೆ ಎಷ್ಟಿಲ್ಲ? ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟವೇ ಹೋದ ಮನೆಗಳಲ್ಲಿ ಹೆಂಗಸರು ಏನು ಅನುಭವಿಸಿದರು ಎಂದು ನಾವು ಯಾವ ಮನವಿಯಲ್ಲಿ ಬರೆದಿದ್ದೇವೆ?

1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರುಗಳಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆ ನೋಡುವ ಪ್ರಯೋಗ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯಿತು. 2017ರ ಕಾಯ್ದೆ ಈ ಚಿಕಿತ್ಸೆಯನ್ನು ಹಕ್ಕು ಎಂದಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಉಂಟು, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ಗುಡ್ಡದ ಬುಡದ ಮನೆಗಳಿಗೆ ರೇಂಜು ಸಿಗಬೇಕಲ್ಲ! ತಾಲೂಕು ಆಸ್ಪತ್ರೆಗಳಲ್ಲಿ ಆಪ್ತ ಸಮಾಲೋಚಕರು ಖಾಯಂ ಇರಬೇಕು ಎಂದು ಧಾರಣೆಯ ಬೇಡಿಕೆಯ ಜೊತೆಗೇ ಬರೆಯಿರಿ ಎಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ.

ಅತ್ತಿಗೆ ಪೂರ್ತಿ ಮೊದಲಿನ ಹಾಗೆ ಆದರೋ? ಇಲ್ಲ. ಅಣ್ಣನ ತಿಥಿ ಹತ್ತಿರ ಬಂದರೆ ಈಗಲೂ ಮಂಕಾಗ್ತಾರೆ. ಆದರೆ ಪಹಣಿ ಈಗ ಅವರ ಮತ್ತು ಮಕ್ಕಳ ಹೆಸರಲ್ಲಿ ಉಂಟು, ಕಂತು ಕಟ್ಟಲು ಅವರೇ ಹೋಗ್ತಾರೆ. ಮೊನ್ನೆ ಬಡ್ಡಿಯ ಲೆಕ್ಕದಲ್ಲಿ ನನ್ನ ತಪ್ಪನ್ನೂ ಹಿಡಿದರು.

ಪೌತಿ ಖಾತೆಯ ಅರ್ಜಿ ಬರೆಯಬೇಕಾದ ತಾಯಂದಿರು ಇದ್ದರೆ ಊಟ ಆದ ಮೇಲೆ ಬನ್ನಿ. ಪೆನ್ನು, ಕಾಗದ ತಂದಿದ್ದೇನೆ.